ಧರ್ಮಪುರಿಯ ಮಣ್ಣಿಗೆ ಬೆಲೆ ಕಟ್ಟಿದ ಮನ್ರೋ

ಧರ್ಮಪುರಿ: ಮನ್ರೋ ಎಂದಾಕ್ಷಣ ನಮ್ಮವರಿಗೆ ನೆನಪಾಗುವುದು ಮಂತ್ರಾಲಯದ ಕಥೆ. ರಾಯರು ಬೃಂದಾವನದಿಂದ ಎದ್ದು ಬಂದು ಆ ದೊರೆಯೊಡನೆ ಮಾತಾಡಿದರಂತೆ. ಅದಕ್ಕೂ ಮುಂಚೆ ಏಳು ವರ್ಷ ಅವರು ನಮ್ಮ ಬಾರಾಮಹಲಿನ ಹೊಲಗಳಲ್ಲಿ ಅಲೆದದ್ದು ಎಷ್ಟು ಜನಕ್ಕೆ ಗೊತ್ತು?

ಥಾಮಸ್ ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆಯ ವ್ಯಾಪಾರ ಮುಳುಗಿತ್ತು. 1780ರಲ್ಲಿ ಕಂಪನಿ ಸೈನ್ಯ ಸೇರಿ ಮದ್ರಾಸಿಗೆ ಬಂದರು. ಹೈದರ್, ಟಿಪ್ಪು ವಿರುದ್ಧ ಕಾದಾಡಿದರು. 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಸೇಲಂ, ಬಾರಾಮಹಲ್ ಸೀಮೆ ಕಂಪನಿಯ ಪಾಲಾಯಿತು. ಅಲೆಕ್ಸಾಂಡರ್ ರೀಡ್ ಕೈಕೆಳಗೆ ಮನ್ರೋ ಕಂದಾಯ ಸಹಾಯಕರಾದರು. ಧರ್ಮಪುರಿಯಲ್ಲಿ ಮನೆ ಮಾಡಿ, ತೋಟ ಬೆಳೆಸಿದರು. ಆ ತೋಟವೆಂದರೆ ಅವರಿಗೆ ಪ್ರಾಣ.

ಕೆಲಸ ಮಾತ್ರ ಸುಲಭದ್ದಲ್ಲ. ನಂಜೆ, ಪುಂಜೆ, ತೋಟ ಎಂದು ಹೊಲ ಹೊಲವನ್ನೂ ಅಳೆದು ತೀರುವೆ ಕಟ್ಟಬೇಕು. ದರ ಹೆಚ್ಚಾದರೆ ರೈತ ಊರು ಬಿಡುತ್ತಾನೆ. ಮಣ್ಣಿನ ಗುಣ ತಿಳಿಯಲು ಆಗ ಇದ್ದದ್ದು ಕಣ್ಣು, ಕೈ, ಊರವರ ಮಾತು, ಅಷ್ಟೆ.

ಮಣ್ಣಿನೊಳಗಿನ ಗುಟ್ಟು ತಿಳಿದದ್ದು ಮನ್ರೋ ಸತ್ತು ನೂರು ವರ್ಷವಾದ ಮೇಲೆ, 1930ರ ಸುಮಾರಿಗೆ, ಎಕ್ಸ್‌ರೇ ಮೂಲಕ. ಜೇಡಿಯ ಕಣ ವೀಳ್ಯದೆಲೆ ಕಟ್ಟಿನ ಹಾಗೆ ಪದರ ಪದರ. ಕೆಮ್ಮಣ್ಣಿನಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಕಯೊಲಿನೈಟ್‌ನಲ್ಲಿ ಪ್ರತಿ ಪದರಕ್ಕೆ ಒಂದು ಸಿಲಿಕಾ ಹಾಳೆ, ಒಂದು ಅಲ್ಯೂಮಿನಾ ಹಾಳೆ. ಪದರಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನಡುವೆ ನೀರು ನುಗ್ಗದು. ಎರೆ ಮಣ್ಣಿನ ಮಾಂಟ್‌ಮೊರಿಲೊನೈಟ್‌ನಲ್ಲಿ ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯೂಮಿನಾ ಹಾಳೆ. ಪದರಗಳ ಹಿಡಿತ ಸಡಿಲ. ನೀರು ಒಳಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ನೀರನ್ನೂ ಸಾರವನ್ನೂ ಇದು ಕೆಮ್ಮಣ್ಣಿಗಿಂತ ಹೆಚ್ಚು ಹಿಡಿದಿಡುತ್ತದೆ. ಬಣ್ಣ ನಂಬಿ ಮೋಸ ಹೋಗಬಾರದು. ಕೆಂಪು ಬರುವುದು ಕಬ್ಬಿಣದ ಅಂಶದಿಂದ, ಜೇಡಿಯಿಂದಲ್ಲ. ಕರಿಸಲ್ ಹೊಲ ಮಳೆ ನಿಂತ ಮೇಲೂ ಬೆಳೆ ಕಾಯುವುದನ್ನು ನಮ್ಮ ಹಿರಿಯರು ಎಕ್ಸ್‌ರೇ ಇಲ್ಲದೆಯೇ ಕಂಡಿದ್ದರು.

1799ರಲ್ಲಿ ಮನ್ರೋ ಕನ್ನಡ ಜಿಲ್ಲೆಗೆ, ಮರುವರ್ಷ ಬಳ್ಳಾರಿ, ಕಡಪ ಸೀಮೆಗೆ ಹೋದರು. ಅಲ್ಲೂ ಹೊಲ ಅಳೆಸಿದರು. ತೀರುವೆ ಭಾರವೆಂದು ಅವರಿಗೇ ಅನ್ನಿಸಿರಬೇಕು, 1807ರಲ್ಲಿ ಕಾಲು ಭಾಗ ಇಳಿಸಿ ಎಂದು ಬರೆದರು. ಕಂಪನಿ ಆಗ ಒಪ್ಪಲಿಲ್ಲ. ತಾನೇ ದರ ಕಟ್ಟಿಸಿ ತಾನೇ ಹೆಚ್ಚಾಯಿತೆಂದು ಬರೆಯುವ ಅಧಿಕಾರಿಗಳು ಅಪರೂಪ. ಇಳಿಕೆ ಸಿಕ್ಕಿದ್ದು ಅವರು 1820ರಲ್ಲಿ ಮದ್ರಾಸ್ ಗವರ್ನರ್ ಆದ ಮೇಲೆ.

1827ರ ಜುಲೈನಲ್ಲಿ, ಊರಿಗೆ ಮರಳುವ ಮುನ್ನ ಹಳೆಯ ಸೀಮೆ ನೋಡಲು ಹೊರಟ ಮನ್ರೋ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿದ್ದ ದೇಹವನ್ನು ಆಮೇಲೆ ಮದ್ರಾಸ್ ಕೋಟೆಯ ಸೇಂಟ್ ಮೇರಿ ಚರ್ಚಿಗೆ ತಂದರು.