ರಾಯರ ರಾವಣ

ಆರ್. ನಾಗೇಂದ್ರರಾಯರು 1896ರಲ್ಲಿ ಹೊಳಲ್ಕೆರೆಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಬಣ್ಣ ಹಚ್ಚಿ, ವರದಾಚಾರ್ಯರ ಕಂಪನಿಯಲ್ಲಿ ಪಳಗಿದರು. ರಂಗದ ಬಣ್ಣಕ್ಕೆ ತನ್ನದೇ ಧರ್ಮವುಂಟು: ಕಟ್ಟಕಡೆಯ ಸಾಲಿನವನಿಗೂ ಹುಬ್ಬು, ತುಟಿ ಕಾಣಬೇಕು; ಆದುದರಿಂದ ಗೆರೆ ದಪ್ಪ, ಕೆಂಪು ಢಾಳ.

1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ ರಾಯರೇ ರಾವಣ. ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಅವರನ್ನು ನೋಡುತ್ತಿದ್ದುದು ಒಂದೇ ಕಣ್ಣು, ಕ್ಯಾಮೆರಾದ್ದು. ಕಪ್ಪುಬಿಳುಪಿನ ಆ ಕಣ್ಣಿಗೆ ವರ್ಣವೆಲ್ಲ ಬೂದಿನ ಛಾಯೆ. ಕೆಂಪನ್ನು ಗ್ರಹಿಸಲಾರದ ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿನಲ್ಲಂತೂ ಕೆಂದುಟಿ ಕಪ್ಪಾಗುತ್ತಿತ್ತು, ಕೆನ್ನೆಯ ರಂಗು ಗುಳಿಯಂತೆ ಕಾಣುತ್ತಿತ್ತು. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಕೆಂಪನ್ನು ಗ್ರಹಿಸಿತು; ಆದರೂ ಕೆಂಪು, ಹಸುರುಗಳೆರಡೂ ಒಂದೇ ಬೂದಿಗೆ ಇಳಿಯಬಹುದಾಗಿತ್ತು. ಮುಖ ಸಹಜವಾಗಿ ಕಾಣಬೇಕಾದರೆ ಮೈಬಣ್ಣಕ್ಕೊಪ್ಪುವ ತೆಳುಲೇಪ, ಮೂಗಿನ ಪಕ್ಕ ತುಸು ಕಂದು, ಕೆನ್ನೆಯ ಮೂಳೆಗೆ ತುಸು ತಿಳಿಬಣ್ಣ, ಇಷ್ಟೇ ಸಾಕು. ಮಿಕ್ಕುದನ್ನು ಬೆಳಕು ಬರೆಯುತ್ತದೆ. ತನ್ನ ಮುಖವನ್ನು ತಾನೇ ಬರೆದುಕೊಂಡು ಬೆಳೆದ ರಂಗನಟನಿಗೆ ಅದನ್ನು ದೀಪದವನ ಕೈಗೊಪ್ಪಿಸುವುದು ಸುಲಭವೇ?

ರಾಯರು ಒಪ್ಪಿಸಿದರೆಂದೇ ನನ್ನ ಎಣಿಕೆ. ಮಕ್ಕಳಲ್ಲಿ ಆರ್.ಎನ್.ಕೆ. ಪ್ರಸಾದರು ಛಾಯಾಗ್ರಾಹಕರಾದರೆಂಬುದೂ ಸ್ವಾರಸ್ಯದ ಸಂಗತಿಯೇ. ಜಯನಗರದ ನಮ್ಮ ಮನೆಯಲ್ಲಿ ಈಚೆಗೆ 1968ರ 'ಹಣ್ಣೆಲೆ ಚಿಗುರಿದಾಗ' ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಎಪ್ಪತ್ತು ದಾಟಿದ ಆ ಮುಖದಲ್ಲಿ ಬಣ್ಣವನ್ನು ಹುಡುಕಿದೆ. ಸಿಕ್ಕಿದ್ದು ಸುಕ್ಕು, ಅದರ ಮೇಲೆ ಬೆಳಕು. ರಾಯರು ಆಮೇಲೆ ಬದುಕಿದ್ದು 1977ರವರೆಗೆ.