ತಾಕೆಯಿಚಿ ನಿಶಿ

ತಾಕೆಯಿಚಿ ನಿಶಿ (12 ಜುಲೈ 1902 – ಮಾರ್ಚ್ 1945) ಜಪಾನ್ ಸೇನೆಯ ಅಶ್ವದಳದ ಅಧಿಕಾರಿ ಹಾಗೂ ಒಲಿಂಪಿಕ್ ಚಿನ್ನದ ಪದಕ ವಿಜೇತ ಕುದುರೆ ಸವಾರ. ಪಾಶ್ಚಾತ್ಯ ದೇಶಗಳಲ್ಲಿ ಅವರು 'ಬ್ಯಾರನ್ ನಿಶಿ' ಎಂದೇ ಪ್ರಸಿದ್ಧರು.

ಆರಂಭಿಕ ಜೀವನ

ನಿಶಿ ಟೋಕಿಯೋದಲ್ಲಿ ಜನಿಸಿದರು. ತಂದೆ ತೊಕುಜಿರೊ ನಿಶಿ ಜಪಾನಿನ ವಿದೇಶಾಂಗ ಸಚಿವರಾಗಿದ್ದವರು. 1912ರಲ್ಲಿ ತಂದೆ ತೀರಿಕೊಂಡ ಬಳಿಕ ಬ್ಯಾರನ್ ಪದವಿ ಮಗನಿಗೆ ಬಂದಿತು. ಸೇನಾ ಅಕಾಡೆಮಿಯಲ್ಲಿ ಶಿಕ್ಷಣ ಮುಗಿಸಿದ ನಿಶಿ ಅಶ್ವದಳವನ್ನು ಸೇರಿದರು.

ಕ್ರೀಡಾಜೀವನ

1930ರಲ್ಲಿ ಅವರು ಇಟಲಿಯಲ್ಲಿ ಯುರೇನಸ್ ಎಂಬ ಕುದುರೆಯನ್ನು ಸ್ವಂತ ಹಣದಿಂದ ಕೊಂಡರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಕುದುರೆ ಜಿಗಿತ ಸ್ಪರ್ಧೆಯ ಹಾದಿ ಎಷ್ಟು ಕಠಿಣವಾಗಿತ್ತೆಂದರೆ, ಯಾವ ತಂಡವೂ ಅದನ್ನು ಪೂರ್ಣಗೊಳಿಸಲಿಲ್ಲ. ನಿಶಿ ಕೇವಲ 8 ದಂಡಾಂಕಗಳೊಂದಿಗೆ ವೈಯಕ್ತಿಕ ಚಿನ್ನ ಗೆದ್ದರು. ಅಮೆರಿಕದ ಅಶ್ವದಳಾಧಿಕಾರಿ ಹ್ಯಾರಿ ಚೇಂಬರ್ಲಿನ್ ಬೆಳ್ಳಿ ಪಡೆದರು. ಕುದುರೆ ಸವಾರಿಯಲ್ಲಿ ಜಪಾನಿಗೆ ಅದು ಮೊದಲ ಒಲಿಂಪಿಕ್ ಪದಕ. ಲಾಸ್ ಏಂಜಲೀಸ್ ನಗರ ಅವರಿಗೆ ಗೌರವ ಪೌರತ್ವ ನೀಡಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅವರಿಗೆ ಪದಕ ದೊರೆಯಲಿಲ್ಲ.

ಯುದ್ಧ ಮತ್ತು ಮರಣ

ಸೇನೆಯಲ್ಲಿ ಕುದುರೆಗಳ ಸ್ಥಾನವನ್ನು ಟ್ಯಾಂಕುಗಳು ಆಕ್ರಮಿಸಿದಾಗ ನಿಶಿಯವರೂ ಟ್ಯಾಂಕ್ ದಳಕ್ಕೆ ಬಂದರು. 1944ರಲ್ಲಿ ಅವರ 26ನೇ ಟ್ಯಾಂಕ್ ರೆಜಿಮೆಂಟನ್ನು ಇವೊ ಜಿಮಾ ದ್ವೀಪದ ರಕ್ಷಣೆಗೆ ಕಳುಹಿಸಲಾಯಿತು. ದಾರಿಯಲ್ಲಿ ಅಮೆರಿಕದ ಜಲಾಂತರ್ಗಾಮಿಯೊಂದು ಹಡಗನ್ನು ಮುಳುಗಿಸಿದ್ದರಿಂದ 28 ಟ್ಯಾಂಕುಗಳು ಸಮುದ್ರದ ಪಾಲಾದವು. ಬದಲಿ ಟ್ಯಾಂಕುಗಳಿಗಾಗಿ ಟೋಕಿಯೋಗೆ ಮರಳಿದಾಗ ಅವರು ಯುರೇನಸ್‌ನನ್ನು ಕೊನೆಯ ಬಾರಿ ಕಂಡರು. ದ್ವೀಪದಲ್ಲಿ ಟ್ಯಾಂಕುಗಳನ್ನು ನೆಲದಲ್ಲಿ ಹುಗಿದು, ಸ್ಥಿರ ಫಿರಂಗಿಗಳಂತೆ ಬಳಸಲಾಯಿತು. 1945ರ ಮಾರ್ಚ್‌ನಲ್ಲಿ, ಹನ್ನೆರಡು ವರ್ಷಗಳ ಹಿಂದೆ ತಮ್ಮನ್ನು ಸನ್ಮಾನಿಸಿದ್ದ ದೇಶದ ಸೇನೆಯ ವಿರುದ್ಧದ ಕದನದಲ್ಲಿ ನಿಶಿ ಮಡಿದರು. ಮರಣಾನಂತರ ಅವರಿಗೆ ಕರ್ನಲ್ ಹುದ್ದೆ ನೀಡಲಾಯಿತು. ಅದೇ ತಿಂಗಳ ಕೊನೆಯಲ್ಲಿ ಯುರೇನಸ್ ಕೂಡ ಸತ್ತಿತು.