ಪೆಟ್ಟಿನ ಜಾಡು ಹಿಡಿದ ಗಣಿತಜ್ಞ: ಹೊರೇಸ್ ಲ್ಯಾಂಬ್

2003ರ ಜನವರಿ 16ರಂದು ‘ಕೊಲಂಬಿಯಾ’ ಗಗನನೌಕೆ ಮೇಲೇರುತ್ತಿದ್ದಾಗ ಇಂಧನ ತೊಟ್ಟಿಯ ಫೋಮ್ ಹೊದಿಕೆಯ ತುಂಡೊಂದು ಅದರ ಎಡರೆಕ್ಕೆಗೆ ಬಡಿಯಿತು. ಪೆಟ್ಟು ನಿಖರವಾಗಿ ಎಲ್ಲಿ ಬಿತ್ತೆಂಬುದು ಚಿತ್ರಗಳಿಂದ ಸ್ಪಷ್ಟವಾಗಲಿಲ್ಲ. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಛಿದ್ರವಾಗಿ, ನಮ್ಮ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಅಸುನೀಗಿದರು. ಪೆಟ್ಟಿನ ತಾಣವನ್ನು ಅಲೆಗಳಿಂದ ಅರಿಯುವ ವಿದ್ಯೆಯ ಬಗ್ಗೆ ಓದುವಾಗಲೆಲ್ಲ ಎದುರಾಗುವ ಹೆಸರು ಸರ್ ಹೊರೇಸ್ ಲ್ಯಾಂಬ್.

ಲ್ಯಾಂಬ್ ಅವರು 1849ರ ನವೆಂಬರ್ 27ರಂದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಜನಿಸಿದರು. ತಂದೆ ಹತ್ತಿ ಗಿರಣಿಯ ಮೇಲ್ವಿಚಾರಕರು. ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ತಾಯಿ ಮರುಮದುವೆಯಾದ ಮೇಲೆ ತಾಯಿಯ ಸೋದರಿ ಬಾಲಕನನ್ನು ಸಾಕಿ ಬೆಳೆಸಿದರು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ, 1872ರ ಗಣಿತ ಪರೀಕ್ಷೆಯಲ್ಲಿ ಎರಡನೆಯವರಾಗಿ ತೇರ್ಗಡೆಯಾದರು. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಪ್ರಥಮ ಗಣಿತ ಪ್ರಾಧ್ಯಾಪಕರಾಗಿ ದುಡಿದು, 1885ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ, 1920ರವರೆಗೆ ಅಲ್ಲಿಯೇ ಪಾಠ ಹೇಳಿದರು. ದ್ರವಗಳ ಚಲನೆಯನ್ನು ಕುರಿತ ಅವರ ಗ್ರಂಥ 1879ರಲ್ಲಿ ಹೊರಬಂದು, ಪರಿಷ್ಕಾರಗೊಳ್ಳುತ್ತ 1932ರಲ್ಲಿ ಆರನೆಯ ಮುದ್ರಣವನ್ನು ಕಂಡಿತು.

1904ರಲ್ಲಿ ನೆಲದ ಮೇಲ್ಮೈಯಲ್ಲಿ ಕಂಪನ ಹರಡುವ ಬಗೆಯನ್ನು ವಿವೇಚಿಸಿದ ಲ್ಯಾಂಬ್, 1917ರಲ್ಲಿ ತೆಳುವಾದ ಫಲಕದೊಳಗಿನ ಸ್ಥಿತಿಸ್ಥಾಪಕ ಅಲೆಗಳತ್ತ ಹೊರಳಿದರು. ಫಲಕಕ್ಕೆ ಪೆಟ್ಟು ಬಿದ್ದರೆ ಅಲೆಗಳು ಸುತ್ತಲೂ ಹರಡುತ್ತವೆ. ಅಲ್ಲಲ್ಲಿ ಅಂಟಿಸಿದ ಸಂವೇದಕಗಳನ್ನು ಅವು ಮುಟ್ಟುವ ಹೊತ್ತಿನ ಅಂತರದಿಂದ ಪೆಟ್ಟಿನ ಜಾಗವನ್ನು ಲೆಕ್ಕ ಹಾಕಬಹುದು. ಬಡ್ಡಿಯ ಲೆಕ್ಕದಲ್ಲಿ ಮೂವತ್ತು ವರ್ಷ ಸವೆಸಿದ ನನಗೆ ಇದು ಸುಲಭವೆಂದೇ ತೋರಿತ್ತು, ಹಾಗಲ್ಲ. ಒಂದೇ ಪೆಟ್ಟಿನಿಂದ ಎದ್ದ ಮಂದ್ರ ಮತ್ತು ತಾರ ಕಂಪನಗಳು ಫಲಕದಲ್ಲಿ ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ದೂರ ಹೋದಷ್ಟೂ ಸದ್ದು ಹರಡಿ ಮಸುಕಾಗುತ್ತದೆ. ಈ ವೇಗಗಳ ಲೆಕ್ಕವನ್ನು ಕೊಟ್ಟವರು ಲ್ಯಾಂಬ್. ವಿಮಾನದ ಮೈಯಲ್ಲಿ ಪಟ್ಟಿ, ರಿವೆಟ್ಟು, ಕಿಂಡಿಗಳಿಗೆ ತಾಗಿ ಅಲೆಗಳು ಚದುರಿ ಮರಳುವುದರಿಂದ ತೊಡಕು ಇನ್ನೂ ಹೆಚ್ಚು. ಆದ್ದರಿಂದಲೇ ಎಂಜಿನಿಯರುಗಳು ಮೊದಲೇ ಹಲವೆಡೆ ಮೆಲ್ಲಗೆ ತಟ್ಟಿ, ಆ ಸದ್ದುಗಳನ್ನು ದಾಖಲಿಸಿಟ್ಟು, ಹೊಸ ಪೆಟ್ಟಿನೊಡನೆ ಹೋಲಿಸುವ ವಿಧಾನವನ್ನೂ ಬಳಸುತ್ತಾರೆ.

1931ರಲ್ಲಿ ‘ಸರ್’ ಪದವಿ ಪಡೆದ ಲ್ಯಾಂಬ್, 1934ರ ಡಿಸೆಂಬರ್ 4ರಂದು ಕೇಂಬ್ರಿಜ್‌ನಲ್ಲಿ ನಿಧನರಾದರು. ಅವರ ಅಲೆಗಳು ಅಧಿಕ ಕಂಪನಗಳಲ್ಲಿ ಪ್ರಯೋಗದಿಂದ ದೃಢಪಟ್ಟದ್ದು 1961ರಲ್ಲಿ. ಕೊಲಂಬಿಯಾದ ದುರಂತದ ನಂತರ, 2005ರ ಜುಲೈನಲ್ಲಿ ‘ಡಿಸ್ಕವರಿ’ ಮೇಲೇರಿದಾಗ, ಪೆಟ್ಟಿನ ಕಂಪನವನ್ನು ಗ್ರಹಿಸುವ ಸಂವೇದಕಗಳು ಅದರ ಎರಡೂ ರೆಕ್ಕೆಗಳ ಮುಂಚಾಚಿನೊಳಗೆ ಇದ್ದವು.